ಆರಿಸದೆ ಉಳಿದ ಒಂದೇ ಪಂಪು

"ತಪ್ಪಿನ ಬೆಲೆ ಕೇಳಿದ್ರಲ್ಲ ಮೇಡಂ, ಹೇಳ್ತೀನಿ ಕೇಳಿ," ಎಂದ ಜರಡಿ. "ಮಷೀನಿನೊಳಗಿನ ತಪ್ಪು ಈ ಕೋಣೇಲೇ ಸಿಕ್ಕಿಬಿದ್ರೆ ನಮ್ಮಲ್ಲಿ ಒಬ್ಬನ ಅರ್ಧ ದಿನ ಹೋಗುತ್ತೆ. ಡಬ್ಬಕ್ಕೆ ತುಂಬಿದ ಮೇಲೆ ಸಿಕ್ರೆ ಗೋಡೌನಿನವರೆಲ್ಲ ವಾರವಿಡೀ ಡಬ್ಬ ಬಿಚ್ಚಬೇಕು. ಆಸ್ಪತ್ರೆಗೆ ಹೋದಮೇಲೆ ಸಿಕ್ರೆ ವ್ಯಾನು, ಡ್ರೈವರು, ಮೆಕ್ಯಾನಿಕ್ಕುಗಳು, ಜೊತೆಗೆ ನಮ್ಮ ಡೈರೆಕ್ಟರ ನಿದ್ದೆ."

"ರೋಗಿಯ ಹಾಸಿಗೆ ಪಕ್ಕ ಸಿಕ್ರೆ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಅದನ್ನ ನಮ್ಮಲ್ಲಿ ಯಾರೂ ಲೆಕ್ಕ ಹಾಕಲ್ಲ."

"ಹಾಗಾದ್ರೆ ನಾನು ಹಾಕ್ತೀನಿ. ಒಬ್ಬ ಮುದುಕ ಸತ್ತ. ಒಬ್ಬ ನರ್ಸು ಕಂಬಿಯ ಹಿಂದೆ ಕೂತಿದ್ದಾಳೆ. ಅವಳ ಮಗಳು ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. ಇವರು ಅವಳ ಅತ್ತೆ."

ಅತ್ತೆ ನನ್ನ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತಿದ್ದರು. ತೊಡೆಯ ಮೇಲಿನ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸೊಸೆ ಜೈಲಿಗೆ ಹೋದರೆ ಒಳಗೊಳಗೇ ಖುಷಿಪಡುವ ಅತ್ತೆಯರನ್ನು ನಾನು ಕಂಡಿದ್ದೇನೆ. ಈಕೆ ಬೇರೆ. ಪತ್ತೇದಾರಿಕೆ ಮಾಡುವ ನನ್ನನ್ನು ಹುಡುಕಿಕೊಂಡು ಬಂದು, "ಅವಳು ಬೇಳೆಗೆ ಉಪ್ಪು ಹಾಕುವಾಗಲೂ ಎರಡು ಸಲ ನೋಡ್ತಾಳೆ, ಸೊನ್ನೆ ಹೆಚ್ಚು ಒತ್ತೋಳಲ್ಲ" ಎಂದಾಕೆ.

ಪೊಲೀಸರ ಮಾತೇ ಬೇರೆ. ರೋಗಿಯ ಮೈಗೆ ಹನಿಹನಿಯಾಗಿ ಔಷಧ ಬಿಡುವ ಸಿರಿಂಜ್ ಪಂಪಿಗೆ ಅವಳು ತಪ್ಪು ಅಂಕಿ ಕೊಟ್ಟಳು, ಇಡೀ ಸಿರಿಂಜು ಒಮ್ಮೆಗೇ ಖಾಲಿಯಾಯಿತು, ಮುದುಕ ಹೋದ. ಪಂಪಿನಲ್ಲಿ ದೋಷವಿಲ್ಲವೆಂದು ಕಂಪನಿ ಬರೆದುಕೊಟ್ಟಿತ್ತು. ನಾಳೆ ಬೆಳಿಗ್ಗೆ ಜಾಮೀನು ಅರ್ಜಿ. ಅದು ಬಿದ್ದುಹೋದರೆ ಕೇಸು ಮುಗಿಯುವವರೆಗೂ ಅವಳು ಒಳಗೇ. ಕೇಸುಗಳು ಹೇಗೆ ಮುಗಿಯುತ್ತವೆ, ಎಷ್ಟು ವರ್ಷಕ್ಕೆ ಮುಗಿಯುತ್ತವೆ ಎಂಬುದು ನನಗೂ ಗೊತ್ತು, ಅತ್ತೆಗೂ ಗೊತ್ತು.

ಜರಡಿ ಆ ಕಂಪನಿಯ ಪರೀಕ್ಷಾ ವಿಭಾಗದ ಮುಖ್ಯಸ್ಥ. ಅವನ ಕಣ್ಣು ತಪ್ಪಿಸಿ ಕಲ್ಲೊಂದೂ ಕೆಳಗೆ ಬೀಳುವುದಿಲ್ಲವೆಂದು ಕಂಪನಿಯವರೇ ಇಟ್ಟ ಹೆಸರು. ಅವನಿಗೂ ಆ ಹೆಸರು ಇಷ್ಟವಿದ್ದಂತಿತ್ತು.

ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು. ಎಡಕ್ಕೆ ನೀಲಿ ಪಂಪುಗಳು, ಬಲಕ್ಕೆ ಬಿಳಿ ಪಂಪುಗಳು. ಎಲ್ಲವೂ ನೀರು ತುಂಬಿದ ಸಿರಿಂಜುಗಳನ್ನು ಸದ್ದಿಲ್ಲದೆ ತಳ್ಳುತ್ತಿದ್ದವು. ಮುದುಕನ ಪಕ್ಕದಲ್ಲಿದ್ದದ್ದು ನೀಲಿ.

"ಎರಡಕ್ಕೂ ಇರೋ ವ್ಯತ್ಯಾಸ ಬರೀ ಬಣ್ಣದ್ದಾ?" ಎಂದೆ.

"ಒಳಗಿನ ಆಪರೇಟಿಂಗ್ ಸಿಸ್ಟಂ ಬೇರೆ. ಮಷೀನನ್ನ ನಡೆಸೋ ಬುದ್ಧಿ ಅಂದ್ಕೊಳ್ಳಿ. ನೀಲಿಯದು ದುಡ್ಡು ಕೊಟ್ಟು ತಂದದ್ದು. ಅದನ್ನ ಮಾಡಿದ ಬೇರೆ ಕಂಪನಿ ಬಾಗಿಲು ಹಾಕ್ಕೊಂಡು, ಸಂಬಳದ ಜನರ ಕೈಲಿ ಪರೀಕ್ಷೆ ಮಾಡಿಸಿ, ಸರ್ಟಿಫಿಕೇಟ್ ಸಮೇತ ಕೊಡುತ್ತೆ. ಒಳಗೆ ಏನಿದೆ ಅಂತ ನಾವು ನೋಡೋ ಹಾಗಿಲ್ಲ. ಬಿಳಿಯೊಳಗಿರೋದು ಓಪನ್ ಸೋರ್ಸು. ಪೂರ್ತಿ ಬಯಲಲ್ಲಿದೆ. ಯಾರು ಬೇಕಾದ್ರೂ ಓದಬಹುದು, ಬಡಿದು ನೋಡಬಹುದು, ರಿಪೇರಿ ಮಾಡಬಹುದು."

"ಯಾವುದನ್ನ ಚೆನ್ನಾಗಿ ಪರೀಕ್ಷೆ ಮಾಡಿರ್ತಾರೆ?"

ಅವನು ನಕ್ಕ. ಇದು ಅವನಿಗೆ ಪ್ರೀತಿಯ ವಿಷಯ ಎಂದು ಆ ನಗುವಿನಲ್ಲೇ ತಿಳಿಯಿತು. "ಸಂಬಳದವರು ಬೇಜಾರಿನ ಮೂಲೆಯನ್ನೂ ಗುಡಿಸ್ತಾರೆ, ಯಾಕಂದ್ರೆ ಗುಡಿಸು ಅಂತ ಮೇಲಿನವರು ಹೇಳಿರ್ತಾರೆ. ಹೇಳದ ಮೂಲೆಗೆ ಕಾಲಿಡಲ್ಲ. ಬಯಲಿನವರು ತಮಗೆ ಬೇಕಾದ ಕಡೆ ಜಾತ್ರೆ ಥರ ಸೇರ್ತಾರೆ, ಅಲ್ಲಿ ಸೊಳ್ಳೆಯೂ ತಪ್ಪಿಸಿಕೊಳ್ಳಲ್ಲ. ಬೇಡದ ಕಡೆ ಒಂದು ನರಪಿಳ್ಳೆ ಇರಲ್ಲ. ಅಷ್ಟು ಜನ ನೋಡಿರ್ತಾರೆ ಬಿಡು ಅಂತ ಪ್ರತಿಯೊಬ್ಬನೂ ಅಂದ್ಕೊಂಡಿರ್ತಾನೆ."

ಅತ್ತೆ ಮೊದಲ ಸಲ ಬಾಯಿ ಬಿಟ್ಟರು. "ಅಂದ್ರೆ ಒಂದು ಹೋಟೆಲಿನ ಅಡುಗೆಮನೆ, ಇನ್ನೊಂದು ಬೀದಿ ನಲ್ಲಿ."

"ಹಾಗೂ ಅನ್ನಬಹುದಮ್ಮ."

"ಹೋಟೆಲಿನಲ್ಲಿ ಒಳಗೆ ಬಿಡಲ್ಲ. ಬೀದಿ ನಲ್ಲಿ ಸೋರಿದ್ರೆ ಎಲ್ಲರೂ ಬಯ್ಯೋರೇ, ವಾಷರ್ ಹಾಕೋನು ಎಲ್ಲೋ ಒಬ್ಬ. ಇದಕ್ಕಾ ನೀವು ಇಷ್ಟೊಂದು ಓದಿದ್ದು?"

ಜರಡಿಯ ನಗು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಬಾಗಿಲ ಬಳಿಯ ಮೇಜಿನವನು ಎದ್ದ, ಗೋಡೆಯ ದಪ್ಪ ಸ್ವಿಚ್ಚನ್ನು ಕೆಳಕ್ಕೆಳೆದ, ಟಿಫಿನ್ ಡಬ್ಬಿ ಹಿಡಿದು ಹೊರಟ. ಕಪಾಟಿನ ದೀಪಗಳೆಲ್ಲ ಒಮ್ಮೆಗೇ ಆರಿದವು. ನೀಲಿ, ಬಿಳಿ ಎಲ್ಲವೂ ಸತ್ತಂತೆ ನಿಂತವು.

ನಾನು ಈ ಕಸುಬಿಗೆ ಬರುವ ಮೊದಲು ವಿಮಾ ಕಂಪನಿಯ ಪರವಾಗಿ ಬೆಂಕಿ ಬಿದ್ದ ಅಂಗಡಿ, ಮಿಲ್ಲುಗಳನ್ನು ನೋಡಿಕೊಂಡು ಬರುತ್ತಿದ್ದವಳು. ಅಂಥ ಸ್ವಿಚ್ಚನ್ನು ಯಾರು, ಯಾವಾಗ ಹಾಕಿಸುತ್ತಾರೆಂದು ನನಗೆ ಚೆನ್ನಾಗಿ ಗೊತ್ತು.

"ಇಲ್ಲಿ ಯಾವಾಗಲೋ ಬೆಂಕಿ ಬಿದ್ದಿತ್ತಲ್ವಾ?"

"ಹ್ಞೂಂ. ಬ್ಯಾಟರಿ ಸಿಡಿದು. ಆಮೇಲಿಂದ ಕೋಣೇಲಿ ಕಾವಲಿನ ಆಳು ಕೂತಿಲ್ಲದೆ ಯಾವ ಮಷೀನೂ ಓಡಬಾರದು ಅಂತ ವಿಮೆಯವರ ಷರತ್ತು. ಇಲ್ಲಿ ಬ್ಯಾಟರಿಯನ್ನೂ ಹಾಕೋ ಹಾಗಿಲ್ಲ."

"ಊಟಕ್ಕೆ ಹೋಗುವಾಗಲೂ ಆರಿಸ್ತೀರಿ."

"ಹೌದು."

"ಸಂಜೆ?"

"ಸಂಜೆಯೂ."

"ಸಾರ್, ಆಸ್ಪತ್ರೇಲಿ ಈ ಪಂಪನ್ನ ಯಾರೂ ಆರಿಸಲ್ಲ. ಒಬ್ಬ ರೋಗಿ ಎದ್ದ ಕೂಡಲೇ ಇನ್ನೊಬ್ಬರ ಹಾಸಿಗೆಗೆ ದೂಡ್ಕೊಂಡು ಹೋಗ್ತಾರೆ. ಕರೆಂಟು ಹೋದ್ರೆ ಬ್ಯಾಟರಿ ಇರುತ್ತೆ. ತಿಂಗಳುಗಟ್ಟಲೆ ಉಸಿರು ಬಿಡದೆ ಓಡುತ್ತೆ. ನಿಮ್ಮ ಕೋಣೇಲಿ ಒಂದಾದರೂ ಮಷೀನು ಒಂದು ರಾತ್ರಿ ಕಳೆದಿದೆಯಾ?"

"ಇಲ್ಲ," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಈ ಪ್ರಶ್ನೆ ನಂಗೂ ಬಂದಿತ್ತು ಮೇಡಂ. ತಡವಾಗಿ ಬಂತು," ಎಂದ.

"ಯಾವಾಗ?"

"ಬಿಳಿ ಪಂಪು ಶುರು ಮಾಡೋ ಹೊತ್ತಿಗೆ. ಅದರ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ದೋಷ ಇತ್ತು ಅಂತ ಬಯಲಲ್ಲೇ ಬರೆದಿದ್ರು. ಮಷೀನು ಹೊತ್ತಿಸಿದ ಗಳಿಗೆಯಿಂದ ಅದು ತನ್ನಷ್ಟಕ್ಕೆ ಕಳೆದ ಕ್ಷಣಗಳನ್ನ ಎಣಿಸ್ತಾ ಹೋಗುತ್ತೆ. ಎಣಿಕೆಗೆ ಇಟ್ಟ ಜಾಗ ತುಂಬಿದ್ರೆ ಸೊನ್ನೆಗೆ ಬಂದುಬಿಡುತ್ತೆ. ಆಗ ಅದಕ್ಕೆ ತಲೆ ಕೆಟ್ಟಹಾಗೆ. ಎಷ್ಟೋ ಕಾಲದಿಂದ ಔಷಧ ಕೊಟ್ಟೇ ಇಲ್ಲ, ಬಾಕಿಯೆಲ್ಲ ಈಗಲೇ ಕೊಡಬೇಕು ಅಂದ್ಕೊಳ್ಳುತ್ತೆ."

"ಒಮ್ಮೆಗೇ ತಳ್ಳುತ್ತೆ."

"ಒಮ್ಮೆಗೇ."

ಅತ್ತೆಯ ಕೈಚೀಲ ಕೆಳಗೆ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ.

"ಬಿಳಿಯದರಲ್ಲಿ ಅದನ್ನ ಪತ್ತೆ ಮಾಡಿದ್ದು ಯಾರು? ದೊಡ್ಡ ಪರೀಕ್ಷಕರಾ?"

"ಯಾರೂ ಅಲ್ಲ. ಮನೆ ತಾರಸಿ ಮೇಲೆ ಗಾಳಿ ಬಿಸಿಲು ಅಳೆಯೋ ಹುಚ್ಚಿನ ಒಬ್ಬ ಮನುಷ್ಯ. ಪೆಟ್ಟಿಗೆಯೊಂದನ್ನ ಹೊತ್ತಿಸಿಟ್ಟು ಮರೆತುಬಿಟ್ಟಿದ್ದ. ಒಂದು ದಿನ ಅದು ಮನಸ್ಸಿಗೆ ಬಂದ ಹಾಗೆ ಅಂಕಿ ಕೊಡೋಕೆ ಶುರುಮಾಡ್ತು. ಅವನು ಬರೆದ, ಇನ್ಯಾರೋ ಓದಿದ, ಮತ್ಯಾರೋ ಸರಿಮಾಡಿದ. ನಾವು ಸರಿಯಾದದ್ದನ್ನ ತಗೊಂಡ್ವಿ. ಅಷ್ಟು ಜಾಣರು ಹಿಡೀಲಾರದ್ದನ್ನ ಒಬ್ಬನ ಮರೆವು ಹಿಡೀತು."

"ನೀಲಿಯಲ್ಲೂ ಅದೇ ದೋಷ ಇದೆಯಾ?"

"ಒಳಗೆ ನೋಡೋ ಹಾಗಿಲ್ಲ ಅಂದೆನಲ್ಲ. ಮಾಡಿದವರನ್ನ ಕೇಳಿದೆ. 'ನಮ್ಮ ಪರೀಕ್ಷೆಯಲ್ಲಿ ಅಂಥದ್ದೇನೂ ಕಂಡುಬಂದಿಲ್ಲ' ಅಂದ್ರು. ಅವರೂ ಸಂಜೆ ಆರಿಸಿ ಮನೆಗೆ ಹೋಗ್ತಾರೋ ಏನೋ, ಯಾರಿಗೆ ಗೊತ್ತು? ಇಲ್ಲೇ ಒಂದನ್ನ ಆರಿಸದೆ ಇಟ್ಟು ನೋಡ್ತೀನಿ ಅಂತ ಮೇಲಿನವರ ಹತ್ತಿರ ಅನುಮತಿ ಕೇಳಿದೆ. ವಿಮೆಯ ಷರತ್ತು ತೋರಿಸಿದ್ರು."

"ನೀವು ಸುಮ್ಮನಾದ್ರಿ."

"ಸುಮ್ಮನಾದೆ."

"ಇಷ್ಟನ್ನೇ ನಾಳೆ ಕೋರ್ಟಲ್ಲಿ ಹೇಳಿ."

"ಏನಂತ ಹೇಳಲಿ? ಇರಬಹುದು ಅಂತಲಾ? ಕಂಪನಿ ವಕೀಲ ಎದ್ದು ಸರ್ಟಿಫಿಕೇಟ್ ತೋರಿಸ್ತಾನೆ, ನಾನು ಬಾಯಿ ಮುಚ್ಕೊಂಡು ಇಳಿದು ಬರಬೇಕು. ಮುದುಕನ ಪಂಪನ್ನ ಪೊಲೀಸರು ಪ್ಲಗ್ಗು ಕಿತ್ತು, ಬ್ಯಾಟರಿ ಬಿಚ್ಚಿ ಚೀಲಕ್ಕೆ ಹಾಕಿದ್ದಾರೆ. ಆರಿಸಿದ್ದೇ ತಡ ಎಣಿಕೆ ಅಳಿಸಿಹೋಯ್ತು. ಬಿಳಿಯದಾಗಿದ್ರೆ ತೆರೆದು ಓದಿ ತೋರಿಸಬಹುದಿತ್ತು. ನೀಲಿಯದು ಕಣ್ಣೆದುರಿಗೇ ತಪ್ಪು ಮಾಡಬೇಕು, ಅದೊಂದೇ ಸಾಕ್ಷಿ. ಹೊಸದನ್ನ ಇವತ್ತು ಹೊತ್ತಿಸಿ ಕೂತ್ರೆ ತುಂಬೋಕೆ ತಿಂಗಳುಗಳು ಬೇಕು."

ಅತ್ತೆ ಎದ್ದು ನಿಂತರು. ಅವನ ಮುಖವನ್ನೇ ನೋಡುತ್ತ, "ನಿನ್ನ ತಾಯಿ ಇದಾಳೇನಪ್ಪಾ?" ಎಂದು ಕೇಳಿದರು.

"ಇದಾರೆ."

"ಅವಳಿಗೆ ಸೂಜಿ ಚುಚ್ಚೋಕೂ ಯಾರದೋ ಮನೆ ಸೊಸೆಯೇ ಬರ್ತಾಳೆ."

ಜರಡಿ ಕಿಟಕಿಯ ಕಡೆ ತಿರುಗಿದ.

"ಒಂದು ಉಳಿದಿದೆ," ಎಂದ. "ಅದೇ ಆಸ್ಪತ್ರೆ, ಹೃದಯದ ವಾರ್ಡು. ಮುದುಕನ ಪಂಪಿಗಿಂತ ಸ್ವಲ್ಪ ದಿನ ತಡವಾಗಿ ಹೊತ್ತಿಸಿದ್ದು. ಆಮೇಲೆ ಆರಿಸೇ ಇಲ್ಲ. ಮುದುಕ ಸತ್ತ ಮೇಲೆ ಮಿಕ್ಕ ನೀಲಿಗಳನ್ನೆಲ್ಲ ನಮ್ಮ ವ್ಯಾನು ಹೊತ್ತು ತಂತು, ಅದಕ್ಕೆ ರೋಗಿ ಇದ್ದ ಅಂತ ಬಿಟ್ಟುಬಂದ್ರು. ನನ್ನ ಲೆಕ್ಕ ಸರಿಯಿದ್ರೆ ಇವತ್ತೋ ನಾಳೆಯೋ ಅದು ತುಂಬುತ್ತೆ."

* * *

ರೋಗಿಗಳನ್ನು ನೋಡಲು ಬಿಡುವ ಹೊತ್ತು. ವಾರ್ಡಿನ ತುಂಬ ಫಿನಾಯಿಲ್ ವಾಸನೆ, ಸ್ಟೀಲ್ ಲೋಟಗಳ ಸದ್ದು, ಪಿಸುಮಾತು.

ನೀಲಿ ಪಂಪು ಮೂಲೆಯ ಹಾಸಿಗೆಯ ಪಕ್ಕ ಕಂಬಿಗೆ ಅಂಟಿಕೊಂಡಿತ್ತು. ಹಾಸಿಗೆಯಲ್ಲಿದ್ದವನು ಬಸ್ ಕಂಡಕ್ಟರ್. ಹೆಂಡತಿ ಕಿತ್ತಳೆಯ ತೊಳೆ ಬಿಡಿಸಿ, ಬೀಜ ತೆಗೆದು, ಒಂದೊಂದಾಗಿ ಅವನ ಬಾಯಿಗಿಡುತ್ತಿದ್ದಳು. ನಾವು ಮೂವರೂ ಹಾಸಿಗೆಯ ಕಾಲ ಬಳಿ ನಿಂತಿದ್ದನ್ನು ಕಂಡು ಅವನು, "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ, ಒಳಗೆ ಜಾಗ ಇದೆ" ಎಂದ.

"ಸುಮ್ನಿರ್ರೀ," ಎಂದಳು ಹೆಂಡತಿ. "ಡಾಕ್ಟ್ರು ಮಾತಾಡಬೇಡಿ ಅಂದಿದ್ದಾರೆ. ಜನ್ಮವೆಲ್ಲ ಸೀಟಿ ಊದಿದ್ದು ಸಾಲದು."

"ಸೀಟಿ ಬೇಡ ಅಂತ ಡಾಕ್ಟ್ರು ಹೇಳಿಲ್ವಲ್ಲ," ಎಂದು ಅವನು ನಮ್ಮ ಕಡೆ ಕಣ್ಣು ಹೊಡೆದ.

ಪಂಪಿನ ಹಸಿರು ದೀಪ ಶಾಂತವಾಗಿ ಮಿನುಗುತ್ತಿತ್ತು. ಸಿರಿಂಜಿನಲ್ಲಿ ಮುಕ್ಕಾಲು ಪಾಲು ಔಷಧವಿತ್ತು.

ಜರಡಿ ನಮ್ಮಿಬ್ಬರನ್ನೂ ಬೆಡ್‌ಶೀಟ್ ಜೋಡಿಸಿಟ್ಟಿದ್ದ ಕಪಾಟಿನ ಮರೆಗೆ ಕರೆದ. ದನಿ ತಗ್ಗಿಸಿ, "ಯಾರಿಗೂ ಹೇಳಬೇಡಿ. ಪಕ್ಕದಲ್ಲೇ ನಿಂತಿರೋಣ. ನೀವು ಫೋನಲ್ಲಿ ವಿಡಿಯೋ ಹಿಡೀರಿ. ಅದು ಸೊನ್ನೆಗೆ ಬಂದ ಕೂಡಲೇ ನಾನು ಟ್ಯೂಬು ಮಡಚಿ ಹಿಡೀತೀನಿ. ರೋಗಿಗೆ ಗೊತ್ತೂ ಆಗಲ್ಲ," ಎಂದ.

"ಮಡಚೋಕೆ ಸಮಯ ಸಿಗುತ್ತಾ?"

"ಸಿಗಬೇಕು."

"ಸಿಗುತ್ತೆ ಅಂತ ಹೇಳಿ ಸಾರ್."

ಅವನು ಕನ್ನಡಕ ಸರಿಮಾಡಿಕೊಂಡು ಪಂಪಿನ ಕಡೆ ನೋಡಿದ.

ಸುಡುವ ಮನೆಗಳ ಮುಂದೆ ನಿಂತು, ಒಳಗೆ ಹೋಗಿ ಒಂದು ಪೆಟ್ಟಿಗೆ ತರುತ್ತೇನೆ, ಸಮಯ ಸಿಗಬೇಕು ಎಂದವರ ಮಾತನ್ನು ನಾನು ಬಹಳ ಕೇಳಿದ್ದೇನೆ. ಅವರ ಪೈಕಿ ಕೆಲವರ ಚಪ್ಪಲಿಯನ್ನು ಆಮೇಲೆ ಬೂದಿಯಲ್ಲಿ ಹುಡುಕಿದ್ದೇನೆ.

ನಾನು ವಾರ್ಡು ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಕೂತಿದ್ದ ಮೇಜಿನ ಕಡೆ ತಿರುಗಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ವಯಸ್ಸಾದ ಕೈ, ಆದರೆ ಹಿಡಿತ ಬಿಗಿಯಾಗಿತ್ತು.

"ಎಲ್ಲಿಗೆ?"

"ಸಿಸ್ಟರಿಗೆ ಹೇಳಿ ಬರ್ತೀನಮ್ಮ."

"ಬೇಡ."

"ಅಮ್ಮಾ..."

"ಬೇಡ ಕಣಮ್ಮ. ಇವನು ಹಿಡೀತೀನಿ ಅಂತಾನಲ್ಲ. ಓದಿದೋನು. ನಾನೂ ಪಕ್ಕದಲ್ಲೇ ನಿಲ್ತೀನಿ, ಕಣ್ಣು ಮಿಟುಕಿಸಲ್ಲ. ಇದೊಂದು ರಾತ್ರಿ ಬಿಟ್ಟುಬಿಡು. ಮಗು ಅಮ್ಮನ ಸೀರೆ ಹೊದ್ಕೊಂಡು ಮಲಗುತ್ತೆ. ಅದರ ವಾಸನೆಯೂ ಹೋಗ್ತಾ ಬಂತು."

"ಆ ರೋಗಿಗೆ ಏನಾದ್ರೂ ಆದ್ರೆ?"

"ಆಗಲ್ಲ!" ಎಂದರು. ಅಷ್ಟು ಜೋರಾಗಿ ಎಂದದ್ದಕ್ಕೆ ಕಂಡಕ್ಟರನ ಹೆಂಡತಿ ತಿರುಗಿ ನೋಡಿದಳು. ನೋಡಿದವಳು ಎದ್ದು ಬಂದು, ಅತ್ತೆಯ ಕೈಗೆ ಎರಡು ತೊಳೆ ಕಿತ್ತಳೆ ಇಟ್ಟಳು. "ಅಳಬೇಡಿಮ್ಮ. ನಿಮ್ಮವರು ಯಾವ ಹಾಸಿಗೇಲಿದ್ದಾರೆ? ಇಲ್ಲಿ ಚೆನ್ನಾಗಿ ನೋಡ್ಕೋತಾರೆ, ನಂಬಿ," ಎಂದು ಮತ್ತೆ ಗಂಡನ ಬಳಿ ಹೋದಳು.

ಅತ್ತೆಯ ಹಿಡಿತ ಸಡಿಲಾಗಲಿಲ್ಲ. ನಾನೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನನ್ನ ಕಸುಬಿನಲ್ಲಿ ಇದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ದೊಡ್ಡ ಸಿಸ್ಟರಿಗೆ ವಿಷಯವನ್ನೆಲ್ಲ ಹೇಳಿದೆ. ಆಕೆ ಮಧ್ಯದಲ್ಲಿ ಬಾಯಿ ಹಾಕಲಿಲ್ಲ. ಕೇಳಿಸಿಕೊಳ್ಳುತ್ತಲೇ ಎದ್ದು ಕೈ ತೊಳೆದಳು.

"ಬೇರೆ ಪಂಪು ಹಾಕಿ, ಇದನ್ನ ಓಡ್ತಾ ಇರೋ ಹಾಗೇ ಪಕ್ಕಕ್ಕಿಡೋಕಾಗುತ್ತಾ?" ಎಂದೆ.

"ಬೇರೆ ಎಲ್ಲಿದೆ? ನೀಲಿಯದನ್ನೆಲ್ಲ ಅವರ ವ್ಯಾನು ಹೊತ್ಕೊಂಡು ಹೋಯ್ತು. ಇರೋ ನಾಲ್ಕು ಬಿಳಿಯೂ ರೋಗಿಗಳ ಮೈಗೇ ಇದೆ. ಆರಿಸಿ ಮತ್ತೆ ಹೊತ್ತಿಸಿದ್ರೆ ಸರಿಹೋಗುತ್ತಾ?"

"ಸರಿಹೋಗುತ್ತೆ. ಮತ್ತೆ ತಿಂಗಳುಗಟ್ಟಲೆ ಭಯವಿಲ್ಲ."

"ಅಷ್ಟು ಹೊತ್ತು ನಾನು ಕೈಯಲ್ಲೇ ಕೊಡ್ತೀನಿ." ಡ್ಯೂಟಿ ಡಾಕ್ಟರಿಗೆ ಫೋನಿನಲ್ಲಿ ಎರಡೇ ಮಾತು ಹೇಳಿ ಹಾಸಿಗೆಯತ್ತ ನಡೆದಳು.

"ಅವರು ಟ್ಯೂಬು ಮಡಚ್ತೀನಿ ಅಂತಾರೆ," ಎಂದೆ, ಹಿಂದೆ ನಡೆಯುತ್ತ. ಯಾಕೆ ಹೇಳಿದೆನೋ. ಅವಳ ಬಾಯಿಂದ 'ಆಗಬಹುದು' ಎಂಬ ಮಾತು ಕೇಳುವ ಆಸೆ ಇತ್ತೇನೋ.

"ಈ ಔಷಧ ಒಂದು ಚಮಚ ಹೆಚ್ಚು ಹೋದ್ರೆ ಸಾಕಮ್ಮ. ಮಡಚೋ ಹೊತ್ತಿಗೆ ಮುಗಿದಿರುತ್ತೆ. ಮುದುಕ ಸತ್ತ ದಿನ ನಮ್ಮ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ನಿಂತಿದ್ದು ಏನು ಬಂತು?"

ಅವಳು ಸ್ವಿಚ್ಚಿಗೆ ಕೈ ಹಾಕಿದಳು.

"ಬೇಡ! ಆರಿಸಬೇಡಿ ಸಿಸ್ಟರ್! ಏನೇ ಆಗ್ಲಿ ಆರಿಸಬೇಡಿ!"

ಜರಡಿ. ಕಪಾಟಿನ ಮರೆಯಿಂದ ಓಡಿ ಬಂದಿದ್ದ. ಮುಖ ಬೆವತಿತ್ತು.

ದೊಡ್ಡ ಸಿಸ್ಟರ್ ಅವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಸ್ವಿಚ್ಚು ಒತ್ತಿದಳು.

ಹಸಿರು ದೀಪ ಆರಿತು. ಅವಳು ಸಿರಿಂಜು ಬಿಡಿಸಿಕೊಂಡು, ಕಣ್ಣನ್ನು ಗಡಿಯಾರದ ಮುಳ್ಳಿಗೆ ನೆಟ್ಟು, ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಳ್ಳಿದಳು. ಕಂಡಕ್ಟರ್ ಸುಮ್ಮನೆ ಚಾವಣಿ ನೋಡುತ್ತ ಮಲಗಿದ್ದ. ಪಂಪು ಮತ್ತೆ ಹೊತ್ತಿಕೊಂಡಿತು, ಬೀಪ್ ಎಂದಿತು, ಸೊನ್ನೆಯಿಂದ ಎಣಿಕೆ ಶುರು ಮಾಡಿತು.

"ಏನಾಯ್ತು ಸಿಸ್ಟರ್?" ಎಂದಳು ಹೆಂಡತಿ.

"ಏನಿಲ್ಲ. ಸ್ವಲ್ಪ ಹೊತ್ತು ರೆಸ್ಟು ಕೊಟ್ವಿ."

ನಾನು ಹಿಂದೆ ತಿರುಗಿ ನೋಡಿದೆ. ಅತ್ತೆ ನಿಂತಲ್ಲೇ ನಿಂತಿದ್ದರು. ಕೈಯಲ್ಲಿ ಆ ಎರಡು ತೊಳೆ ಹಾಗೇ ಇದ್ದವು. "ಕೈ ಹಿಡಿದು ಕೇಳ್ಕೊಂಡೆ ನಿನ್ನ," ಎಂದರು. ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ತೊಳೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೆಟ್ಟಿಲ ಕಡೆ ನಡೆದುಬಿಟ್ಟರು.

ದೊಡ್ಡ ಸಿಸ್ಟರ್ ಕೈ ಒರೆಸಿಕೊಳ್ಳುತ್ತ ನಮ್ಮ ಬಳಿ ಬಂದಳು. ಅವಳ ಕಣ್ಣು ಈಗ ಜರಡಿಯ ಮೇಲೇ ಇತ್ತು.

"ವ್ಯಾನು ಬಂದ ದಿನ ಈ ಪಂಪನ್ನೂ ಕೊಟ್ಟುಬಿಡ್ತೀನಿ, ರೋಗಿಗೆ ಬಿಳಿ ಹಾಕ್ತೀನಿ ಅಂದಿದ್ದೆ ಕಣ್ರೀ," ಎಂದಳು ನನಗೆ. "ಆಗ ಒಂದು ಬಿಳಿ ಖಾಲಿ ಇತ್ತು. ಅಷ್ಟರಲ್ಲಿ ಕಂಪನಿಯಿಂದ ಫೋನು. ಆ ಒಂದನ್ನ ಅಲ್ಲೇ ಬಿಡಿ, ಏನೇ ಆಗ್ಲಿ ಆರಿಸಬೇಡಿ ಅಂದ್ರು. ರೋಗಿಯ ಒಳ್ಳೇದಕ್ಕೆ ಹೇಳ್ತಿದ್ದಾರೆ ಅಂದ್ಕೊಂಡೆ."

"ಯಾರು ಮಾತಾಡಿದ್ದು?"

"ಹೆಸರು ಹೇಳಲಿಲ್ಲ." ಅವಳು ಗಲ್ಲ ಎತ್ತಿ ಅವನನ್ನು ತೋರಿಸಿದಳು. "ಇದೇ ದನಿ. ಇದೇ ಮಾತು."

ಕೋಣೆಯಲ್ಲಿ ಮಾಡಲು ಬಿಡದ ಪರೀಕ್ಷೆಯನ್ನು ಯಾರೋ ಈ ಹಾಸಿಗೆಯ ಪಕ್ಕ ಮಾಡುತ್ತಿದ್ದರು. ನೀರು ತುಂಬಿದ ಸಿರಿಂಜಿನ ಜಾಗದಲ್ಲಿ ಒಬ್ಬ ಕಂಡಕ್ಟರನನ್ನು ಮಲಗಿಸಿದ್ದರು. ನಾವು ಮೂವರೂ ಅದಕ್ಕೆ ಪ್ರೇಕ್ಷಕರಾಗಿ ಬಂದಿದ್ದೆವು.

"ನೀವು ಮನುಷ್ಯರೇನ್ರೀ?" ಎಂದೆ.

ಜರಡಿ ಕನ್ನಡಕ ತೆಗೆದ, ಒರೆಸಲು ಮರೆತು ಕೈಯಲ್ಲೇ ಹಿಡಿದುಕೊಂಡ. "ಫೋನು ಮಾಡಿದ್ದು ನಾನೇ. ನನ್ನ ಕೈಲಿ ಮಾಡಿಸಿದ್ದು ಬೇರೆಯವರು," ಎಂದ. "ಅವರ ಹೆಸರು ಕೇಳಬೇಡಿ ಮೇಡಂ. ಕೇಳಿದ್ರೆ ನನ್ನ ಹಾಗೇ ಹೆದರಿ ನಾಳೆ ಕೋರ್ಟಿಗೆ ನೀವೂ ಹೋಗಲ್ಲ. ಆ ನರ್ಸು ಹುಡುಗಿಗೆ ವಕೀಲನನ್ನ ಹುಡುಕಿಕೊಟ್ಟದ್ದೂ ಅವರೇ."

ಹೇಳಿದವನು ಲಿಫ್ಟಿನೊಳಗೆ ಹೋದ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಮೆಟ್ಟಿಲಿಳಿದು ಓಡಿದೆ. ಗೇಟಿನಲ್ಲಿ ಅವನೂ ಇರಲಿಲ್ಲ, ಅತ್ತೆಯೂ ಇರಲಿಲ್ಲ.

ಕಂಡಕ್ಟರ್ ಬದುಕಿದ. ಪಂಪಿನೊಳಗಿನ ಎಣಿಕೆ ಅಳಿಸಿಹೋಯಿತು, ಅದರೊಂದಿಗೆ ಸೊಸೆಯ ಪರವಾಗಿ ನಮಗಿದ್ದ ಒಂದೇ ಸಾಕ್ಷಿಯೂ ಹೋಯಿತು. ನಾಳೆ ಅವಳ ಪರ ಎದ್ದು ನಿಲ್ಲಬೇಕಾದ ವಕೀಲ ಯಾರ ಮನುಷ್ಯನೆಂದು ನನಗೆ ಗೊತ್ತಿರಲಿಲ್ಲ.